ಅಕ್ಕನ ಬಳೆ, ಕಾರವಾರದ ಉಪ್ಪು

ಮೈಸೂರಿನ ರಾಜೀವನಗರದಲ್ಲಿ ನನಗೊಬ್ಬ ಹಳೇ ಸ್ನೇಹಿತ ಇದ್ದಾನೆ. ಒಂದೇ ಬೆಂಚಿನಲ್ಲಿ ಕೂತು ಓದಿದವರು ನಾವು. 2024ರ ಮೇ ತಿಂಗಳಲ್ಲಿ ಅವನ ಮಗಳ ಮದುವೆ. ಮದುವೆಗೆ ಅಂತ ಅವನ ಅಕ್ಕ ಶಾರ್ಜಾದಿಂದ ಬಂದರು. ಅಲ್ಲೊಂದು ಶಾಲೆಯಲ್ಲಿ ಆಯಾ ಕೆಲಸ. ಆರು ವರ್ಷ ಊರಿನ ಮುಖ ನೋಡಿರಲಿಲ್ಲ. ತಮ್ಮನ ಮಗಳಿಗೆ ಕೊಡೋಕೆ ಅಂತ ಎರಡು ಬಳೆ ಮಾಡಿಸಿಕೊಂಡು, ಕೈಗೆ ಹಾಕಿಕೊಂಡೇ ವಿಮಾನ ಇಳಿದರು.

ಇಳಿದವರನ್ನು ಸುಂಕದವರು ನಿಲ್ಲಿಸಿದರು. ಮೂರು ಗಂಟೆ.

ಅವರೇನು ಬಚ್ಚಿಟ್ಟಿರಲಿಲ್ಲ. ಹೆಂಗಸರು 40 ಗ್ರಾಂ ತರಬಹುದು ಅಂತ ಯಾರೋ ಹೇಳಿದ್ದರು. ಅದನ್ನೇ ನಂಬಿ, ಅಂಗಡಿಯಲ್ಲಿ ಎರಡೆರಡು ಸಲ ತೂಗಿಸಿ, ಗ್ರಾಂ ಜಾಸ್ತಿ ಆಗದ ಹಾಗೆ ನೋಡಿಕೊಂಡು ತಂದಿದ್ದರು. ನಿಯಮದ ಮೊದಲ ಅರ್ಧ ಅವರಿಗೆ ಗೊತ್ತಿತ್ತು. ಎರಡನೇ ಅರ್ಧ ಗೊತ್ತಿರಲಿಲ್ಲ. 40 ಗ್ರಾಂ ಸರಿ, ಆದರೆ ಅದರ ಬೆಲೆ ಒಂದು ಲಕ್ಷ ರೂಪಾಯಿ ದಾಟಬಾರದು ಅಂತ ಆಗ ನಿಯಮ ಇತ್ತು! ಆ ಹೊತ್ತಿಗೆ ಅಲ್ಲಿನ ರೇಟಿನಲ್ಲೇ 40 ಗ್ರಾಂ ಅಂದರೆ ಎರಡು ಲಕ್ಷದ ಮೇಲಾಗ್ತಿತ್ತು. ಮಿಕ್ಕಿದ್ದಕ್ಕೆ ಶೇ 15 ಸುಂಕ. ಪರ್ಸಿನಲ್ಲಿದ್ದ ದಿರ್ಹಂ ಸಾಲದೆ, ಪಕ್ಕದ ಸೀಟಿನಲ್ಲಿ ಕೂತು ಬಂದ ಒಬ್ಬರ ಹತ್ತಿರ ಸಾಲ ಇಸಕೊಂಡು ಇಪ್ಪತ್ತು ಸಾವಿರದ ಮೇಲೆ ಕಟ್ಟಿ ಹೊರಗೆ ಬಂದರು.

ಎರಡೇ ತಿಂಗಳು. ಜುಲೈ 23ಕ್ಕೆ ಕೇಂದ್ರ ಬಜೆಟ್ ಬಂತು. ಬಂಗಾರದ ಆಮದು ಸುಂಕ ಶೇ 15ರಿಂದ ಶೇ 6ಕ್ಕೆ ಇಳೀತು. ಅವತ್ತು ರಾತ್ರಿ ಸ್ಟುಡಿಯೋದಲ್ಲಿ ನಾನು ಗಂಟಲು ಹರಿಯೋ ಹಾಗೆ ಅದನ್ನೇ ಹೇಳ್ತಿದ್ದೆ. ಮುಂದಿನ ಭಾನುವಾರ ರಾಜೀವನಗರಕ್ಕೆ ಹೋದಾಗ ಅಕ್ಕ ಚಹಾ ತಂದಿಟ್ಟು ಕೇಳಿದರು: “ಟೀವೀಲಿ ಅಷ್ಟೊಂದು ಮಾತಾಡ್ತೀಯಲ್ಲ ತಮ್ಮಾ, ಇದೊಂದು ಹೇಳು. ಮೇ ತಿಂಗಳಲ್ಲಿ ಆ ಹುಡುಗ ನನ್ನನ್ನ ಕಳ್ಳಿ ನೋಡೋ ಹಾಗೆ ನೋಡಿದ. ಜುಲೈನಲ್ಲಿ ಬಂದಿದ್ರೆ ಅರ್ಧ ಕಳ್ಳಿ ಆಗ್ತಿದ್ನಾ?”

ನಾನು ನಕ್ಕೆ. ಆದರೆ ಉತ್ತರ ಕೊಡೋಕೆ ಆಗಲಿಲ್ಲ. ಆ ಪ್ರಶ್ನೆ ಹಿಡಿದುಕೊಂಡು ಹಳೇ ಪುಸ್ತಕಗಳನ್ನ ತಿರುವಿ ಹಾಕಿದೆ. ಹೋಗ್ತಾ ಹೋಗ್ತಾ ಬಂಗಾರ ಬಿಟ್ಟು ಉಪ್ಪಿಗೆ ಹೋಗಿ ನಿಂತೆ.

ಮೊದಲು ಒಂದು ಮಾತು. ಗಡಿಯ ಆಚೆ ಒಂದು ಬೆಲೆ, ಈಚೆ ಒಂದು ಬೆಲೆ ಯಾಕಿರುತ್ತೆ? ನಮ್ಮ ಮೈಸೂರಿನ ಡ್ರೈವರ್‌ಗಳನ್ನ ಕೇಳಿ. ವಯನಾಡಿಗೆ ಹೋಗುವವರು ಗುಂಡ್ಲುಪೇಟೆಯಲ್ಲೇ ಟ್ಯಾಂಕ್ ತುಂಬಿಸ್ತಾರೆ. ಪೆಟ್ರೋಲ್ ಅದೇ, ಕಂಪನಿ ಅದೇ. ಬೇರೆ ಇರೋದು ಎರಡು ರಾಜ್ಯಗಳ ತೆರಿಗೆ. 2021ರ ನವೆಂಬರ್‌ನಲ್ಲಿ ಕೇಂದ್ರ ಅಬಕಾರಿ ಸುಂಕ ಇಳಿಸಿದಾಗ ಕರ್ನಾಟಕ ತನ್ನ ಪಾಲಿಂದಲೂ ಲೀಟರಿಗೆ 7 ರೂಪಾಯಿ ಬಿಟ್ಟಿತು, ಕೇರಳ ಬಿಡಲಿಲ್ಲ. ತಲಪಾಡಿಯ ಈಚೆಗಿನ ಬಂಕುಗಳಿಗೆ ಕಾಸರಗೋಡಿನ ಗಾಡಿಗಳು ಬಂದವು. 2024ರ ಜೂನ್‌ನಲ್ಲಿ ನಮ್ಮವರು ಪೆಟ್ರೋಲಿಗೆ 3 ರೂಪಾಯಿ ಏರಿಸಿದರು, ಅಂತರ ಕಮ್ಮಿ ಆಯ್ತು. ಇಷ್ಟೇ ಲೆಕ್ಕ. ರಾಜ್ಯಗಳ ನಡುವೆ ಇದನ್ನ ಜಾಣತನ ಅಂತೀವಿ. ದೇಶಗಳ ನಡುವೆ ಆದರೆ ಇದಕ್ಕೇ ಕಳ್ಳಸಾಗಣೆ ಅಂತ ಹೆಸರು.

ನಮ್ಮ ಕನ್ನಡ ನೆಲಕ್ಕೆ ಬೇರೆ ದೇಶದ ಗಡಿ ಇತ್ತು ಅನ್ನೋದು ಈಗಿನ ಹುಡುಗರಿಗೆ ಗೊತ್ತೇ ಇಲ್ಲ. ಇತ್ತು. ಕಾರವಾರದ ಆಚೆ, ಮಾಜಾಳಿ ದಾಟಿದರೆ ಪೋರ್ಚುಗಲ್! 1961ರ ಡಿಸೆಂಬರ್ ತನಕ ಗೋವಾ ಪೋರ್ಚುಗೀಸರದ್ದು. ಇತ್ತ ಉತ್ತರ ಕನ್ನಡ ಜಿಲ್ಲೆ ಬ್ರಿಟಿಷರದ್ದು, 1862ರಿಂದ ಮುಂಬಯಿ ಪ್ರಾಂತ್ಯದ ಭಾಗ. ಕಾಳಿ ನದಿ ಈಚೆಗೂ ಆಚೆಗೂ ಅದೇ ಕೊಂಕಣಿ, ಅದೇ ದೇವರು, ಅದೇ ಮೀನುಸಾರು. ಹೆಣ್ಣು ಕೊಟ್ಟು ತರುವ ಸಂಬಂಧ. ನಡುವೆ ಒಂದು ಸುಂಕದ ಗೆರೆ.

ಆ ಗೆರೆಯ ಮೇಲೆ ನಡೆದ ದೊಡ್ಡ ಜಗಳ ಉಪ್ಪಿನದ್ದು. ಗೋವಾದ ಗದ್ದೆಗಳಲ್ಲಿ ಉಪ್ಪು ಯಥೇಚ್ಛ. ಬೆಲೆಯೂ ಅಗ್ಗ. ಬ್ರಿಟಿಷರ ಕಡೆ ಉಪ್ಪಿನ ಮೇಲೆ ತೆರಿಗೆ. 1878ರ ಸುಮಾರಿಗೆ ಮುಂಬಯಿ, ಮದ್ರಾಸು ಪ್ರಾಂತ್ಯಗಳಲ್ಲಿ ಮಣಕ್ಕೆ ಎರಡೂವರೆ ರೂಪಾಯಿ ಆಗಿತ್ತು. ಒಂದು ಮಣ ಅಂದರೆ ಸುಮಾರು 37 ಕಿಲೋ. ಅಷ್ಟು ಉಪ್ಪು ತೆಗೆಯೋಕೆ ತಗಲುತ್ತಿದ್ದ ಖರ್ಚು ಕೆಲವೇ ಆಣೆ. ಖರ್ಚಿಗಿಂತ ಎಷ್ಟೋ ಪಟ್ಟು ತೆರಿಗೆ! ಹಾಗಿದ್ದಮೇಲೆ ಗೋವಾದ ಉಪ್ಪು ದೋಣಿ ಹತ್ತಿ, ಎತ್ತಿನ ಬೆನ್ನೇರಿ ಈಚೆಗೆ ಬರದೇ ಇರುತ್ತಾ?

ಬ್ರಿಟಿಷರು ಇದಕ್ಕೆ ಏನು ಮಾಡಿದರು ಅನ್ನೋದು ಸ್ವಾರಸ್ಯ. ಉತ್ತರ ಭಾರತದಲ್ಲಿ ಇದೇ ಉಪ್ಪು ತಡೆಯೋಕೆ ಅವರು ಮುಳ್ಳಿನ ಬೇಲಿ ಬೆಳೆಸಿದ್ದರು. ಸಿಂಧೂ ಕಡೆಯಿಂದ ಒಡಿಶಾದ ಮಹಾನದಿ ತನಕ ಸಾವಿರಾರು ಮೈಲಿ ಸುಂಕದ ಗೆರೆ, ಅದರಲ್ಲಿ ಒಂದು ಭಾಗ ಜೀವಂತ ಬೇಲಿ, ಕಾಯೋಕೆ ಹನ್ನೆರಡು ಸಾವಿರದಷ್ಟು ಜನ. ಗೋವಾ ಗಡಿಯ ಘಟ್ಟದ ಕಾಡಿನಲ್ಲಿ ಅದು ಆಗದ ಮಾತು. ಹಾಗಾಗಿ ಬೇರೆ ದಾರಿ ಹಿಡಿದರು. 1878ರ ಡಿಸೆಂಬರ್ 26ರಂದು ಲಿಸ್ಬನ್‌ನಲ್ಲಿ ಪೋರ್ಚುಗೀಸರ ಜೊತೆ ಒಂದು ಒಪ್ಪಂದ. ಗೋವಾ ಮತ್ತು ಬ್ರಿಟಿಷ್ ಇಂಡಿಯಾ ನಡುವೆ ಸುಂಕದ ಗೋಡೆ ತೆಗೆದುಬಿಡೋಣ ಅಂದರು. ಕೇಳೋಕೆ ಎಷ್ಟು ಚೆನ್ನಾಗಿದೆ ಅಲ್ವಾ? ಒಳಗಿನ ಷರತ್ತು ನೋಡಿ. ಗೋವಾದ ಉಪ್ಪಿನ ಹತೋಟಿ ಬ್ರಿಟಿಷರಿಗೆ. ಬದಲಿಗೆ ಪೋರ್ಚುಗೀಸ್ ಸರ್ಕಾರಕ್ಕೆ ವರ್ಷಕ್ಕೆ 4 ಲಕ್ಷ ರೂಪಾಯಿ.

ಅಂದರೆ ಈಚೆಯ ಬೆಲೆಯನ್ನು ಆಚೆಯ ಮಟ್ಟಕ್ಕೆ ಇಳಿಸಲಿಲ್ಲ. ಆಚೆಯ ಬೆಲೆಯನ್ನೇ ಈಚೆಯ ಮಟ್ಟಕ್ಕೆ ಏರಿಸಿದರು. ಅಂತರ ಹೋಯ್ತು, ಜೊತೆಗೆ ಗೋವಾದ ಎಷ್ಟೋ ಉಪ್ಪಿನ ಗದ್ದೆಗಳ ಜೀವನವೂ ಹೋಯ್ತು. ಉಪ್ಪು ತೆಗೆಯುವವನನ್ನ ಯಾರೂ ಕೇಳಲಿಲ್ಲ, ಉಪ್ಪು ತಿನ್ನುವವನನ್ನೂ ಕೇಳಲಿಲ್ಲ. ಹನ್ನೆರಡು ವರ್ಷ ನಡೆದ ಒಪ್ಪಂದ 1892ರಲ್ಲಿ ಮುರಿದು ಬಿತ್ತು, ಸುಂಕದ ಕಟ್ಟೆಗಳು ವಾಪಸ್ ಬಂದವು. ಉಪ್ಪಿನ ತೆರಿಗೆ ಮಾತ್ರ ಹಾಗೇ ಉಳೀತು. 1930ರ ಏಪ್ರಿಲ್‌ನಲ್ಲಿ ಅಂಕೋಲೆಯ ಜನ ಸಮುದ್ರದ ದಂಡೆಗೆ ಹೋಗಿ ಕಾನೂನು ಮುರಿದು ಉಪ್ಪು ಮಾಡಿದರಲ್ಲ, ಅದಕ್ಕೆ ನಾವು ಹೆಮ್ಮೆಪಡೋದು, ಆ ಸಿಟ್ಟಿಗೆ ಐವತ್ತು ವರ್ಷದ ಹಿಂದಿನ ಬೇರು ಇದೆ.

ಆ ಒಪ್ಪಂದದಿಂದ ಉಳಿದದ್ದು ಒಂದು ರೈಲು. ಮುರಗಾಂವ್ ಬಂದರಿನಿಂದ ಘಟ್ಟ ಹತ್ತಿ ಬರುವ ದಾರಿ. ಅದು ಬ್ರಿಟಿಷ್ ನೆಲ ಮುಟ್ಟುತ್ತಿದ್ದ ಸ್ಟೇಷನ್ ಯಾವುದು ಗೊತ್ತಾ? ನಮ್ಮ ಜೋಯಿಡಾ ತಾಲೂಕಿನ ಕ್ಯಾಸಲ್‌ರಾಕ್. ಈಗ ಅಲ್ಲಿಂದ ದೂಧಸಾಗರದ ಕಡೆಗೆ ಹುಡುಗರು ಸೆಲ್ಫಿಗೆ ಹೋಗ್ತಾರೆ. ಒಂದು ಕಾಲಕ್ಕೆ ಅಲ್ಲಿ ಪೆಟ್ಟಿಗೆ ಬಿಚ್ಚಿ ತೋರಿಸದೆ ಯಾರೂ ಮುಂದಕ್ಕೆ ಹೋಗುವ ಹಾಗಿರಲಿಲ್ಲ.

ಸ್ವಾತಂತ್ರ್ಯ ಬಂತು. ಬ್ರಿಟಿಷರು ಹೋದರು, ಗಡಿ ಹೋಗಲಿಲ್ಲ. ಈಗ ಗೆರೆಯ ಈಚೆ ನಮ್ಮದೇ ಸರ್ಕಾರ. ನಮ್ಮ ಹತ್ತಿರ ಡಾಲರ್ ಇರಲಿಲ್ಲ. ಹೊರಗಿಂದ ಏನು ತರಬೇಕಾದರೂ ಲೈಸೆನ್ಸ್, ಪರ್ಮಿಟ್. ಗೋವಾದಲ್ಲಿ ಕಬ್ಬಿಣದ ಅದಿರಿನ ದುಡ್ಡು, ಆಮದಿಗೆ ಅಷ್ಟೇನೂ ಬಿಗಿ ಇಲ್ಲ. ಸ್ವಿಸ್ ವಾಚು, ಫೌಂಟನ್ ಪೆನ್ನು, ನೈಲಾನ್ ಬಟ್ಟೆ, ಸ್ಕಾಚ್, ಬಂಗಾರ. ಪಣಜಿಯ ಅಂಗಡಿಯಲ್ಲಿ ಸಾಮಾನ್ಯ ಸರಕು, ಹುಬ್ಬಳ್ಳಿಗೆ ಬಂದರೆ ಕನಸು.

1955ರ ಆಗಸ್ಟ್ 15ರಂದು ಗೋವಾ ಬಿಡುಗಡೆಗಾಗಿ ಗಡಿ ದಾಟಿದ ನಿರಾಯುಧ ಸತ್ಯಾಗ್ರಹಿಗಳ ಮೇಲೆ ಪೋರ್ಚುಗೀಸರು ಗುಂಡು ಹಾರಿಸಿದರು. ಇಪ್ಪತ್ತಕ್ಕೂ ಹೆಚ್ಚು ಜನ ಸತ್ತರು. ಭಾರತ ರೈಲು ನಿಲ್ಲಿಸಿತು, ಗಡಿ ಮುಚ್ಚಿತು, ಸರಕು ಬಂದ್. ಆಮೇಲಿನ ಸ್ಥಿತಿ ಹೇಗಿತ್ತು ಅಂದರೆ, ಗೋವಾಕ್ಕೆ ಆಲೂಗಡ್ಡೆ ಬರ್ತಾ ಇದ್ದದ್ದು ಹಾಲೆಂಡಿನಿಂದ! ಸಿಮೆಂಟ್ ಜಪಾನಿನಿಂದ, ಚಹಾ ಸಿಲೋನಿನಿಂದ. ನೂರಾ ಚಿಲ್ಲರೆ ಕಿಲೋಮೀಟರ್ ದೂರದ ಬೆಳಗಾವಿಯಲ್ಲಿ ಆಲೂಗಡ್ಡೆ ರಾಶಿ ಬಿದ್ದಿರುತ್ತೆ, ಇಲ್ಲಿ ಹಡಗಿನಲ್ಲಿ ಅರ್ಧ ಭೂಮಿ ಸುತ್ತಿಕೊಂಡು ಬಂದ ಆಲೂಗಡ್ಡೆಯಲ್ಲಿ ಪಲ್ಯ. ದಿಗ್ಬಂಧನ ಸರಿಯಿತ್ತು ಅಂತಲೇ ನಾನು ಹೇಳೋನು. ಒಂದು ವಸಾಹತು ನಮ್ಮ ಎದೆಯ ಮೇಲೆ ಕೂತಿದ್ದಾಗ ಬೇರೆ ದಾರಿ ಇರಲಿಲ್ಲ. ಆದರೆ ಕಾರವಾರದಿಂದ ತಂಗಿ ಮನೆಗೆ ಕಾಣಕೋಣಕ್ಕೆ ಹೋಗುವವನಿಗೂ ಪರ್ಮಿಟ್ ಬೇಕಾಗಿತ್ತು, ಅದನ್ನೂ ಹೇಳಬೇಕಲ್ಲ.

1961ರ ಡಿಸೆಂಬರ್ 19ಕ್ಕೆ ಗೋವಾ ನಮ್ಮದಾಯಿತು. ಮಾಜಾಳಿಯ ಗಡಿ ಬರೀ ಜಿಲ್ಲೆಯ ಅಂಚಾಯಿತು. ಹಾಗಾದರೆ ಬೆಲೆಯ ಗಡಿ ಮುಗೀತಾ? ಇಲ್ಲ. ಅದು ಸಮುದ್ರಕ್ಕೆ ಸರಿಯಿತು. ದುಬೈ ತನಕ ಹೋಯ್ತು.

ಇಲ್ಲಿ ಬಂಗಾರದ ಕಥೆ ಶುರು. 1947ರಿಂದಲೇ ಬಂಗಾರದ ಆಮದಿಗೆ ತಡೆ ಇತ್ತು. ಅಂತರರಾಷ್ಟ್ರೀಯ ಬೆಲೆ ಔನ್ಸಿಗೆ 35 ಡಾಲರ್ ಅಂತ ಕಟ್ಟಿಹಾಕಿದ್ದ ಕಾಲ. ಆ ಲೆಕ್ಕದಲ್ಲಿ ಹತ್ತು ಗ್ರಾಂಗೆ 53 ರೂಪಾಯಿ 58 ಪೈಸೆ. ಮುಂಬಯಿಯ ಜವೇರಿ ಬಜಾರಿನಲ್ಲಿ ಅದರ ಸುಮಾರು ದುಪ್ಪಟ್ಟು. ಮದುವೆ ಮಾಡುವ ನಮ್ಮ ಜನ ಬಂಗಾರ ಬಿಡ್ತಾರಾ? ಬಿಡಲ್ಲ. ಕೋಲಾರದಲ್ಲಿ ನಮ್ಮದೇ ಗಣಿ ಇತ್ತು, ಅದು ಈ ಹಸಿವಿಗೆ ಯಾವ ಮೂಲೆಗೆ? ದುಬೈನಲ್ಲಿ ಬಂಗಾರ ತರಿಸಿ ಮಾರೋದು ಕಾನೂನುಬದ್ಧ ವ್ಯಾಪಾರ. ಅಲ್ಲಿಂದ ಹತ್ತು ತೊಲದ ಬಿಸ್ಕತ್ತುಗಳನ್ನ ಜೇಬುಜೇಬಿನ ಜಾಕೆಟ್‌ಗಳಲ್ಲಿ ಸೇರಿಸಿ, ನಾವೆ ಹತ್ತಿಸಿ, ಪಶ್ಚಿಮ ಕರಾವಳಿಯ ಕತ್ತಲಲ್ಲಿ ಇಳಿಸೋದು ಮಾತ್ರ ಅಪರಾಧ. ಒಂದೇ ಬಿಸ್ಕತ್ತು, ಸಮುದ್ರದ ನಡುವೆ ಜಾತಿ ಬದಲಾಯಿಸ್ತಿತ್ತು.

ಈ ಬಂಗಾರಕ್ಕೆ ಅಲ್ಲಿ ಕೊಡ್ತಿದ್ದದ್ದು ಏನು ಗೊತ್ತಾ? ನಮ್ಮ ರೂಪಾಯಿ! ಕುವೈತ್, ಬಹ್ರೇನ್, ಕತಾರ್, ದುಬೈ ಎಲ್ಲ ಕಡೆ ಆಗ ಭಾರತದ ರೂಪಾಯಿಯೇ ಚಲಾವಣೆ. ಕಳ್ಳಸಾಗಣೆದಾರ ಸೂಟ್‌ಕೇಸಿನಲ್ಲಿ ನೋಟು ಒಯ್ಯುತ್ತಿದ್ದ. ಆ ನೋಟು ಅಲ್ಲಿನ ಬ್ಯಾಂಕಿಗೆ ಸೇರಿ, ಅಲ್ಲಿಂದ ರಿಸರ್ವ್ ಬ್ಯಾಂಕಿಗೆ ಬಂದು, ಇದಕ್ಕೆ ಪೌಂಡ್ ಕೊಡಿ ಅಂತ ಕೈ ಚಾಚುತ್ತಿತ್ತು. ಹೀಗೆ ನಮ್ಮ ಮನೆಯ ಒಡವೆಗೆ ದೇಶದ ಖಜಾನೆಯ ಪೌಂಡು ಸೋರಿ ಹೋಗ್ತಿತ್ತು. 1959ರಲ್ಲಿ ಸರ್ಕಾರ ಕೊಲ್ಲಿಗೆಂದೇ ಬೇರೆ ಬಣ್ಣದ ರೂಪಾಯಿ ಅಚ್ಚು ಹಾಕಿಸಿತು. ಹಜ್ ಯಾತ್ರಿಕರಿಗೂ ಪ್ರತ್ಯೇಕ ನೋಟು. 1966ರ ಜೂನ್‌ನಲ್ಲಿ ರೂಪಾಯಿ ಅಪಮೌಲ್ಯ ಆಗುವ ಹೊತ್ತಿಗೆ ಆ ದೇಶಗಳಲ್ಲಿ ಕೆಲವು ಆಗಲೇ ಬಿಟ್ಟಿದ್ದವು, ಆಮೇಲೆ ಉಳಿದವೂ ನಮ್ಮ ನೋಟಿಗೆ ನಮಸ್ಕಾರ ಹಾಕಿದವು. ಇವತ್ತು ದಿರ್ಹಂ ರೇಟು ನೋಡ್ಕೊಂಡು ಊರಿಗೆ ದುಡ್ಡು ಕಳಿಸೋ ರಾಜೀವನಗರದ, ಭಟ್ಕಳದ, ಮಂಗಳೂರಿನ ಹುಡುಗರಿಗೆ ಇದನ್ನ ಹೇಳಿದರೆ ನಂಬಲ್ಲ.

1962ರಲ್ಲಿ ಚೀನಾ ಯುದ್ಧ. 1963ರ ಜನವರಿಯಲ್ಲಿ ಹಣಕಾಸು ಸಚಿವ ಮೊರಾರ್ಜಿ ದೇಸಾಯಿ ಚಿನ್ನ ನಿಯಂತ್ರಣ ನಿಯಮ ತಂದರು. ಹೊಸ ಒಡವೆ 14 ಕ್ಯಾರೆಟ್‌ಗಿಂತ ಹೆಚ್ಚಿನದು ಮಾಡುವ ಹಾಗಿಲ್ಲ! 22 ಕ್ಯಾರೆಟ್ ಬಳಸಿ ಗೊತ್ತಿದ್ದ ಜನ, ತಾಮ್ರದ ಬಣ್ಣಕ್ಕೆ ತಿರುಗುವ ಈ ಒಡವೆಯನ್ನ ಮೂಸಿಯೂ ನೋಡಲಿಲ್ಲ. ಸಮುದ್ರದಲ್ಲಿ ತರುವವನಿಗೆ ಏನೂ ಆಗಲಿಲ್ಲ. ಆದದ್ದು ನಮ್ಮ ಅಕ್ಕಸಾಲಿಗರಿಗೆ. ಊರೂರಿನ ಆಚಾರಿಗಳು, ಪತ್ತಾರರು, ತಲೆತಲಾಂತರದ ಕುಲುಮೆ ಆರಿಸಿ ಬೀದಿಗೆ ಬಂದರು. ದೇಶದಲ್ಲಿ ಲಕ್ಷಾಂತರ ಜನರ ಕೆಲಸ ಹೋಯ್ತು. ಆತ್ಮಹತ್ಯೆಗಳಾದವು. 14 ಕ್ಯಾರೆಟ್ ಮಿತಿಯನ್ನ 1966ರಲ್ಲಿ ತೆಗೆದರು. ಕುಲುಮೆ ಬಿಟ್ಟು ಬೇರೆ ಕೆಲಸ ಹಿಡಿದವರಲ್ಲಿ ಎಷ್ಟು ಜನ ವಾಪಸ್ ಬಂದಿರಬಹುದು? 1968ರಲ್ಲಿ ಅದೇ ನಿಯಂತ್ರಣ ಪೂರ್ಣ ಕಾಯ್ದೆಯಾಗಿ ಬಂತು. ಮನೆಯಲ್ಲಿ ಗಟ್ಟಿ ಬಂಗಾರ, ಬಿಸ್ಕತ್ತು ಇಡುವಂತಿಲ್ಲ. ಮರುವರ್ಷ ಸುಪ್ರೀಂ ಕೋರ್ಟ್ ಅದರ ಕೆಲವು ಕಲಮುಗಳನ್ನ ಹೊಡೆದುಹಾಕಿತು. 1974ರಲ್ಲಿ ಕಾಫಿಪೋಸಾ ಬಂತು, ವಿಚಾರಣೆ ಇಲ್ಲದೆ ಒಳಗೆ ಹಾಕುವ ಅಧಿಕಾರ.

ಇಷ್ಟೆಲ್ಲ ಆಗಿ ಬಂಗಾರ ಬರೋದು ನಿಂತಿತಾ? ನಿಲ್ಲಲಿಲ್ಲ. ನಮ್ಮ ಸಿನಿಮಾಗಳ ವಿಲನ್‌ಗೆ ಒಂದು ಕಸುಬು ಸಿಕ್ಕಿತು, ಅಷ್ಟೇ. ಆ ದಂಧೆಯ ದೊಡ್ಡ ಕುಳಗಳನ್ನ ನಾನು ಹೀರೋ ಮಾಡ್ತಿಲ್ಲ, ಅವರು ಹಾಳು ಮಾಡಿದ್ದು ಕಮ್ಮಿ ಅಲ್ಲ. ಆದರೆ ಅವರ ಅಂಗಡಿ ತೆರೆದುಕೊಟ್ಟದ್ದು ಬೆಲೆಯ ಅಂತರ, ಆ ಅಂತರ ಹುಟ್ಟಿಸಿದ್ದು ದೆಹಲಿಯ ಫೈಲು.

ಈ ಕಾಯ್ದೆಯನ್ನ ಕೊನೆಗೆ ಎತ್ತಿ ಬಿಸಾಕಿದವರು ಯಾರು ಅಂತ ನೋಡಿದಾಗ ನನಗೆ ರೋಮಾಂಚನ ಆಯ್ತು. ಮಧು ದಂಡವತೆ. 1955ರಲ್ಲಿ ಗೋವಾ ಗಡಿಗೆ ಸತ್ಯಾಗ್ರಹಿಗಳ ಜೊತೆ ಹೋದ ಅದೇ ಸಮಾಜವಾದಿ. 1990ರಲ್ಲಿ ವಿ.ಪಿ. ಸಿಂಗ್ ಸರ್ಕಾರದ ಹಣಕಾಸು ಸಚಿವರಾಗಿ ಚಿನ್ನ ನಿಯಂತ್ರಣ ಕಾಯ್ದೆ ರದ್ದು ಮಾಡಿದರು. 1992ರಿಂದ ಹೊರದೇಶದಲ್ಲಿ ದುಡಿದು ಬರುವವರು ಸುಂಕ ಕಟ್ಟಿ 5 ಕಿಲೋ ತನಕ ತರಬಹುದು ಅಂತಾಯಿತು. ಅಲ್ಲಿಯ ತನಕ ಜಾಕೆಟ್ಟಿನಲ್ಲಿ ಬರ್ತಿದ್ದದ್ದು ರಸೀದಿ ಜೊತೆ ಬರೋಕೆ ಶುರುವಾಯ್ತು.

ಕಥೆ ಇಲ್ಲಿಗೆ ಮುಗಿಯಬೇಕಿತ್ತು. 2012ರ ಆರಂಭದಲ್ಲಿ ಸುಂಕ ಬರೀ ಶೇ 2. ಆಮೇಲೆ ವಿದೇಶಿ ವಿನಿಮಯದ ಆತಂಕ ಮತ್ತೆ ಬಂತು. 2013ರ ಆಗಸ್ಟ್ ಹೊತ್ತಿಗೆ ಶೇ 10. 2019ರಲ್ಲಿ ಹನ್ನೆರಡೂವರೆ. 2022ರಲ್ಲಿ 15. ಜಾಕೆಟ್ಟು ವಾಪಸ್ ಬಂತು, ಈಗ ಪೇಸ್ಟ್ ರೂಪದಲ್ಲಿ, ಇಸ್ತ್ರಿಪೆಟ್ಟಿಗೆಯ ಹೊಟ್ಟೆಯಲ್ಲಿ, ಮನುಷ್ಯರ ಹೊಟ್ಟೆಯಲ್ಲೂ. ವಾರಕ್ಕೊಂದು ಅಂಥ ಸುದ್ದಿ ನಾನೇ ಓದಿದ್ದೀನಿ. 2024ರ ಜುಲೈನಲ್ಲಿ ಶೇ 6ಕ್ಕೆ ಇಳಿಸಿದ ದಿನವೇ ಹತ್ತು ಗ್ರಾಂ ಬೆಲೆ ಸುಮಾರು ನಾಲ್ಕು ಸಾವಿರ ಬಿತ್ತು. ಹಿಂದಿನ ದಿನ ಒಡವೆ ಕೊಂಡವರು ತಲೆ ಮೇಲೆ ಕೈ ಹೊತ್ತರು.

ಈಗ ಅಕ್ಕನ ಬಳೆಗೆ ಬರೋಣ. ಆ ಒಂದು ಲಕ್ಷದ ಮಿತಿ ಎಲ್ಲಿಂದ ಬಂತು? 1991ರಲ್ಲಿ ಗಂಡಸರಿಗೆ 10 ಸಾವಿರ, ಹೆಂಗಸರಿಗೆ 20 ಸಾವಿರ ರೂಪಾಯಿಯ ಒಡವೆ ಸುಂಕವಿಲ್ಲದೆ ತರಬಹುದು ಅಂತಿತ್ತು. ಆಗ 20 ಸಾವಿರಕ್ಕೆ ಐವತ್ತು ಗ್ರಾಂ ಮೇಲೇ ಸಿಗ್ತಿತ್ತು. ಅದನ್ನ 22 ವರ್ಷ ಯಾರೂ ಮುಟ್ಟಲಿಲ್ಲ. 2013ರ ಬಜೆಟ್‌ನಲ್ಲಿ ಪಿ. ಚಿದಂಬರಂ ಗಂಡಸರಿಗೆ 50 ಸಾವಿರ, ಹೆಂಗಸರಿಗೆ ಒಂದು ಲಕ್ಷ ಮಾಡಿದರು. 2016ರ ಬ್ಯಾಗೇಜ್ ನಿಯಮದಲ್ಲಿ ತೂಕವೂ ಸೇರಿತು: ಗಂಡಸರಿಗೆ 20 ಗ್ರಾಂ, ಹೆಂಗಸರಿಗೆ 40 ಗ್ರಾಂ. ಆ ವರ್ಷದ ರೇಟಿನಲ್ಲಿ 40 ಗ್ರಾಂ ಅಂದರೆ ಹೆಚ್ಚುಕಮ್ಮಿ ಒಂದು ಲಕ್ಷವೇ. ಎರಡು ಮಿತಿಯೂ ಒಂದೇ ಕಡೆ ಕೂಡ್ತಿದ್ದವು, ಯಾರಿಗೂ ತೊಂದರೆ ಇರಲಿಲ್ಲ.

ಬಂಗಾರ ಏರಿತು. ಒಂದು ಲಕ್ಷ ಹಾಗೇ ಕೂತಿತು. ಅಕ್ಕ ಬಳೆ ಕೊಂಡ ದಿನ ಶಾರ್ಜಾದಲ್ಲಿ ಒಂದು ಲಕ್ಷಕ್ಕೆ ಬರ್ತಿದ್ದದ್ದು ಹದಿನಾರು ಹದಿನೇಳು ಗ್ರಾಂ. ಪುಸ್ತಕದಲ್ಲಿ ನಲವತ್ತು, ಕೌಂಟರಿನಲ್ಲಿ ಹದಿನಾರು! ಇದನ್ನ ಯಾರೂ ಕೂತು ನಿರ್ಧಾರ ಮಾಡಿದ್ದಲ್ಲ. ಯಾರೂ ಏನೂ ಮಾಡದೇ ಇದ್ದದ್ದರಿಂದ ಆದದ್ದು. ಕೇಜಿಗಟ್ಟಲೆ ತರುವವನಿಗೆ ಈ ಮಿತಿ ಲೆಕ್ಕಕ್ಕಿರಲಿಲ್ಲ. ಅವನು ಘೋಷಣೆ ಮಾಡೋಕೆ ಬರೋದೇ ಇಲ್ಲ. ಕೈ ಮುಂದೆ ಮಾಡಿ ಬಳೆ ತೋರಿಸುವ ಹೆಂಗಸಿಗೆ ಮಾತ್ರ ಇದು ತಗಲ್ತಿದ್ದದ್ದು.

ಲೆಕ್ಕ ಹಾಕಿ ನೋಡಿದೆ. ಜುಲೈ ಕೊನೆಗೆ ಬಂದಿದ್ದರೆ ಅದೇ ಬಳೆಗೆ ಎಂಟೂವರೆ ಸಾವಿರದ ಆಸುಪಾಸು ಆಗ್ತಿತ್ತು. ಇಲ್ಲಿನ ಅಂಗಡಿಗಿಂತ ಅಲ್ಲಿ ಅಗ್ಗ ಅಂತ ಅವರು ಉಳಿಸಿದ್ದ ದುಡ್ಡಿನಲ್ಲಿ ಬಹುಪಾಲು ಮೇ ತಿಂಗಳ ಆ ಕೌಂಟರಿನಲ್ಲೇ ಹೋಗಿತ್ತು. ಇದನ್ನೆಲ್ಲ ಒಂದು ಹಾಳೆ ಮೇಲೆ ಬರೆದು, ಉಪ್ಪಿನ ಕಥೆಯನ್ನೂ ಸೇರಿಸಿ ಅಕ್ಕನಿಗೆ ಹೇಳಿದೆ. ಸುಮ್ಮನೆ ಕೇಳಿಸಿಕೊಂಡರು. ಬೀರುವಿನಿಂದ ಸುಂಕದ ರಸೀದಿ ತಂದು ತೋರಿಸಿದರು, ಪ್ಲಾಸ್ಟಿಕ್ ಕವರ್ ಹಾಕಿ ಇಟ್ಟಿದ್ದಾರೆ. “ಇದು ಯಾವತ್ತಾದ್ರೂ ಕೆಲಸಕ್ಕೆ ಬರುತ್ತಾ?” ಅಂದರು. ಬಳೆ ತಂದದ್ದಕ್ಕೆ ದಾಖಲೆ, ಇಟ್ಕೊಳ್ಳಿ ಅಂದೆ.

ವಾಪಸ್ ಹೊರಡೋ ಮುಂಚೆ ಇನ್ನೊಂದು ಕೇಳಿದರು. ಮುಂದಿನ ಸಲ ಬರುವಾಗ ತಮ್ಮನ ಎರಡನೇ ಮಗಳಿಗೆ ತರಬೇಕು, ಎಷ್ಟು ಗ್ರಾಂ ತರಲಿ ಅಂತ. ಆ ಮಿತಿ ಆಗಿನ್ನೂ ಇತ್ತು. ಗ್ರಾಂ ಲೆಕ್ಕ ಬಿಡಿ ಅಕ್ಕಾ, ಹೊರಡೋ ದಿನದ ರೇಟು ಫೋನ್ ಮಾಡಿ ಹೇಳಿ, ಒಂದು ಲಕ್ಷವನ್ನ ಅದರಿಂದ ಭಾಗಿಸಿ ಹೇಳ್ತೀನಿ ಅಂದೆ.